ಬಯಲುಸೀಮೆಯ ಬಂಡೆ, ಬಂಡೆಯ ಮೇಲಿನ ಜೇಡ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬೆಳೆದ ನಮ್ಮ ತಲೆಮಾರಿನವರಿಗೆ ನಮ್ಮ ಸೀಮೆಯ ಬಗ್ಗೆ ಸಿಕ್ಕ ಪಾಠ ಬಹಳ ಚಿಕ್ಕದು. ಚಿನ್ನದ ಗಣಿ ಇದೆ, ವರ್ಷವಿಡೀ ಹರಿಯುವ ನದಿ ಇಲ್ಲ, ಮಳೆ ಕಡಿಮೆ, ಕೆರೆಗಳು ಬಹಳ, ಬೆಟ್ಟಗಳಲ್ಲಿ ಬಂಡೆ ಬಿಟ್ಟರೆ ಏನೂ ಇಲ್ಲ. ಕಾಡು ಅಂದರೆ ಮಲೆನಾಡು, ಪ್ರಾಣಿ ಅಂದರೆ ಬಂಡೀಪುರ. ಜೇಡರ ಹುಳದ ಬಗ್ಗೆ ಇದ್ದ ತಿಳಿವಳಿಕೆಯೂ ಅಷ್ಟೇ ಚಿಕ್ಕದು. ಹಬ್ಬದ ಮುಂಚೆ ಧೂಳು ಹೊಡೆಯುವಾಗ ಉದ್ದ ಕೋಲಿಗೆ ಪೊರಕೆ ಕಟ್ಟಿ ಬಲೆ ತೆಗೆಯಬೇಕು. ಮೈಮೇಲೆ ಗುಳ್ಳೆ ಎದ್ದರೆ ಜೇಡ ಉಚ್ಚೆ ಹೊಯ್ದಿದೆ ಎನ್ನಬೇಕು. ಕೈ ಕುಯ್ದುಕೊಂಡರೆ ಗೋಡೆಗೆ ಅಂಟಿದ ಬಿಳಿ ಗೂಡನ್ನು ಕಿತ್ತು ಗಾಯಕ್ಕೆ ಅಂಟಿಸಬೇಕು. ಅದು ಎಷ್ಟು ಬಗೆ, ಯಾವುದು ಬಲೆ ನೇಯುತ್ತದೆ, ಯಾವುದು ನೇಯದೆ ನೆಗೆದು ಬೇಟೆ ಹಿಡಿಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಈಗ ಆ ದಿನಗಳನ್ನು ನೆನೆಸಿಕೊಂಡರೆ, ‘ಏನೂ ಇಲ್ಲ’ ಎಂಬ ಆ ಒಂದು ಮಾತು ನಮ್ಮ ಬೆಟ್ಟಗಳಿಗೆ ಬರಗಾಲಕ್ಕಿಂತ ಹೆಚ್ಚು ಹಾನಿ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. ಏನೂ ಇಲ್ಲದ ಕಡೆ ಕಲ್ಲು ಒಡೆಯುವುದಕ್ಕೆ, ನೀಲಗಿರಿ ನೆಡುವುದಕ್ಕೆ, ಕಸ ಸುರಿಯುವುದಕ್ಕೆ ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ.

ನಮ್ಮ ಜನಕ್ಕೆ ಹುಳುಗಳನ್ನು ನೋಡುವ ಕಣ್ಣೇ ಇರಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ಅದೇ ಮನೆಗಳಲ್ಲಿ ರೇಷ್ಮೆ ಹುಳವನ್ನು ಎಷ್ಟು ಸೂಕ್ಷ್ಮವಾಗಿ ನೋಡುತ್ತಿದ್ದರು! ಯಾವ ತಟ್ಟೆಯ ಹುಳ ಪೊರೆ ಬಿಡುವ ಎರಡನೇ ಜ್ವರಕ್ಕೆ ಕೂತಿದೆ, ಯಾವುದು ಎದ್ದಿದೆ, ಯಾವುದು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಾಗಿದೆ ಎಂದು ದೀಪದ ಬೆಳಕಿನಲ್ಲೇ ಹೇಳುವ ಹೆಂಗಸರು ಪ್ರತಿ ಊರಿನಲ್ಲೂ ಇದ್ದರು. 1980ರಲ್ಲಿ ಬಂಗಾಳದ ಕಡೆಯಿಂದ ರೇಷ್ಮೆ ಹುಳದ ಶತ್ರುವಾದ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಾಗ ಹುಳದ ಮೈಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆ, ಆಮೇಲೆ ಅಲ್ಲೊಂದು ಕಪ್ಪು ಕಲೆ ಕಾಣಿಸಿಕೊಂಡದ್ದನ್ನು ಗುರುತು ಹಿಡಿದವರೂ ಇವರೇ. ಆ ನೊಣ ಯಾವುದೆಂದು ಖಚಿತವಾಗಿ ಗೊತ್ತಾದ ಮೇಲೆ ಅದರ ಕೋಶದ ಮೇಲೆ ಬದುಕುವ, ಕೆಲವೇ ಮಿಲಿಮೀಟರಿನ ನೆಸೋಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಸಾಕಿ ರೈತರಿಗೆ ಹಂಚಲು ದಾರಿಯಾಯಿತು. 2008ರ ಹೊತ್ತಿಗೆ ಪರಂಗಿಯ ಹಿಟ್ಟುತಿಗಣೆ ದಕ್ಷಿಣ ಭಾರತಕ್ಕೆ ಬಂದು ಹಿಪ್ಪುನೇರಳೆ ತೋಟಗಳಿಗೂ ಹಬ್ಬಿತು. ಎಷ್ಟು ಔಷಧಿ ಹೊಡೆದರೂ ಜಗ್ಗದ ಆ ತಿಗಣೆಯನ್ನು ತಹಬಂದಿಗೆ ತಂದದ್ದು 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ತರಿಸಿದ ಅಸೆರೋಫೇಗಸ್ ಪಪಾಯೆ ಎಂಬ ಕಣ್ಣಿಗೆ ಕಾಣಿಸುವುದೇ ಕಷ್ಟವಾದ ಕಣಜ. ಆ ಕಣಜವನ್ನು ವಿಜ್ಞಾನ ವಿವರಿಸಿ ಹೆಸರಿಟ್ಟದ್ದು 2003ರಲ್ಲಿ, ಅಂದರೆ ನಮ್ಮ ತೋಟಗಳಿಗೆ ಅದು ಬೇಕಾಗುವ ಏಳು ವರ್ಷ ಮುಂಚೆ. ಆ ವಿವರಣೆ ಬರೆದವರಿಗೆ ಕರ್ನಾಟಕದ ರೇಷ್ಮೆ ಬೆಳೆಗಾರರ ಕಷ್ಟ ಗೊತ್ತಿರಲಿಲ್ಲ. ಅವರು ಒಂದು ಪುಟ್ಟ ಜೀವಿಯನ್ನು ಸರಿಯಾಗಿ ನೋಡಿ, ಸರಿಯಾಗಿ ಬರೆದಿಟ್ಟರು, ಅಷ್ಟೇ. ಪುಟ್ಟ ಜೀವಿಗಳ ವಿವರಣೆ ಪುರುಸೊತ್ತಿನವರ ಹವ್ಯಾಸ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಈಗ ಜೇಡಕ್ಕೆ ಬರೋಣ. 2024ರಲ್ಲಿ ಕಿರಣ್ ಮರಾಠೆ ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದ ನೆಗೆಯುವ ಜೇಡಗಳ ಒಂದು ಹೊಸ ಕುಲವನ್ನೇ ವಿವರಿಸಿದರು. ವೇಯ್ನ್ ಮ್ಯಾಡಿಸನ್, ಕೃಷ್ಣಮೇಘ ಕುಂಟೆ ಮೊದಲಾದವರಿದ್ದ ಆ ತಂಡ ಕುಲಕ್ಕೆ ಇಟ್ಟ ಹೆಸರು ತೆಂಕಣ. ಅದರಲ್ಲಿ ಹೊಸ ಪ್ರಭೇದ ಒಂದು, ತೆಂಕಣ ಜಯಮಂಗಲಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿಗೆ ಸೇರುವ ಜಯಮಂಗಲಿ ನದಿಯ ಹೆಸರು ಅದಕ್ಕೆ. ಮೊದಲೇ ಗೊತ್ತಿದ್ದು ಬೇರೆ ಕುಲದಲ್ಲಿ ಸೇರಿಸಿದ್ದ ಇನ್ನೆರಡು ಪ್ರಭೇದಗಳೂ ಈ ಕುಲಕ್ಕೆ ವರ್ಗವಾದವು. ಬೆರಳಿನ ಉಗುರಿನ ಮೇಲೆ ಕೂರುವಷ್ಟು ಚಿಕ್ಕ ಜೇಡಗಳಿವು. ನನ್ನ ಮಟ್ಟಿಗೆ ಇದರಲ್ಲಿ ಮುಖ್ಯವಾದ ಸಂಗತಿ ಇವು ಇರುವ ಜಾಗ. ಇವಕ್ಕೆ ದಟ್ಟ ಕಾಡು ಬೇಡ. ಒಣ ಪ್ರದೇಶದ ನೆಲದ ಮೇಲೆ ಓಡಾಡಿಕೊಂಡು ಬದುಕುತ್ತವೆ. ಅಂದರೆ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮಾತ್ರ ಹೊಸದು ಸಿಗುತ್ತದೆ ಎಂಬ ನಂಬಿಕೆಗೆ ನಮ್ಮ ಬಯಲುಸೀಮೆಯೇ ಉತ್ತರ ಕೊಟ್ಟಿದೆ. ಘಟ್ಟದ ಕಡೆಯೂ ಹೊಸದು ಸಿಗುತ್ತದೆ, ಸಂಶಯವಿಲ್ಲ. 2016ರಲ್ಲಿ ಶಿವಮೊಗ್ಗ ಸೀಮೆಯ ಕಾನಿನಲ್ಲಿ ಸಿಕ್ಕ, ಒಣ ಎಲೆಯ ಹಾಗೆ ಕಾಣುವ ಎರಿಯೋವಿಕ್ಸಿಯಾ ಗ್ರಿಫಿಂಡೋರಿ ಎಂಬ 7 ಮಿಲಿಮೀಟರಿನ ಜೇಡ ಹ್ಯಾರಿ ಪಾಟರ್ ಕಥೆಯ ಟೋಪಿಯನ್ನು ಹೋಲುವ ದೆಸೆಯಿಂದ ಲೋಕವೆಲ್ಲ ಸುದ್ದಿಯಾಯಿತು. ಆದರೆ ಕಾನಿಗೆ ದೇವರ ಭಯವೋ ಕಾನೂನಿನ ಭಯವೋ ಒಂದು ಕಾವಲಾದರೂ ಇದೆ. ಕುರುಚಲು ಬೆಟ್ಟಕ್ಕೆ ಏನಿದೆ?

ಹೊಸ ಜೇಡವನ್ನು ವಿವರಿಸುವುದೆಂದರೆ ಫೋಟೋ ತೆಗೆದು ಹೆಸರು ಇಡುವುದಲ್ಲ. ಸಿಕ್ಕ ಜೇಡ ಮರಿಯಾಗಿದ್ದರೆ ಅದು ವಿವರಣೆಗೆ ಬಹುಮಟ್ಟಿಗೆ ಬರುವುದಿಲ್ಲ; ಪೂರ್ತಿ ಬೆಳೆದಿರಬೇಕು. ಆಲ್ಕೋಹಾಲಿನಲ್ಲಿಟ್ಟರೆ ಬಣ್ಣ ಮಾಸುತ್ತದೆ, ಆದ್ದರಿಂದ ಜೀವಂತ ಇರುವಾಗಲೇ ಬಣ್ಣಗಳನ್ನು ದಾಖಲಿಸಿಕೊಳ್ಳಬೇಕು. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಅಳತೆ: ತಲೆ ಮತ್ತು ಎದೆ ಕೂಡಿದ ಮುಂಭಾಗ ಎಷ್ಟು, ಹೊಟ್ಟೆ ಎಷ್ಟು, ಎಂಟು ಕಾಲುಗಳಲ್ಲಿ ಒಂದೊಂದು ಗಂಟೂ ಎಷ್ಟು, ಯಾವ ಗಂಟಿನಲ್ಲಿ ಎಷ್ಟು ಮುಳ್ಳು, ಎಂಟು ಕಣ್ಣುಗಳು ಯಾವ ಸಾಲಿನಲ್ಲಿ ಎಷ್ಟೆಷ್ಟು ದೂರ. ನೆಗೆಯುವ ಜೇಡದಲ್ಲಿ ಮುಂದಿನ ಸಾಲಿನ ನಡುವಿನ ಎರಡು ಕಣ್ಣು ಉಳಿದವಕ್ಕಿಂತ ಎಷ್ಟೋ ದೊಡ್ಡವು. ಅದು ನಮ್ಮತ್ತ ತಿರುಗಿ ದಿಟ್ಟಿಸಿದ ಹಾಗೆ ಕಾಣುವುದು ಈ ಕಣ್ಣುಗಳಿಂದಲೇ. ಇಷ್ಟಾದರೂ ಪ್ರಭೇದ ಯಾವುದೆಂದು ತೀರ್ಮಾನವಾಗುವುದಿಲ್ಲ. ಗಂಡಿನ ಮುಖದ ಪಕ್ಕದಲ್ಲಿ ಕೈಗಳ ಹಾಗೆ ಆಡುವ ಎರಡು ಪುಟ್ಟ ಅಂಗಗಳಿವೆ. ಅವುಗಳ ತುದಿಯಲ್ಲಿ ಉಬ್ಬಿದ ಗೆಡ್ಡೆಯಂಥ ಭಾಗ, ಅದರಿಂದ ಹೊರಟ ಕೊಕ್ಕೆಯೋ ಮುಳ್ಳೋ ಎನ್ನಿಸುವ ಒಂದು ಕಡ್ಡಿ. ಆ ಕಡ್ಡಿ ಯಾವ ಕಡೆ ಬಾಗಿದೆ, ಎಲ್ಲಿಂದ ಶುರುವಾಗಿದೆ, ಪಕ್ಕದಲ್ಲಿ ಇನ್ನೊಂದು ಮೊನೆ ಇದೆಯೇ ಎನ್ನುವುದರಲ್ಲಿ ಒಂದು ಪ್ರಭೇದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅಡಗಿರುತ್ತದೆ. ಹೆಣ್ಣಿನಲ್ಲಿ ಹೊಟ್ಟೆಯ ಅಡಿಯ ಗಟ್ಟಿ ಫಲಕ ಮತ್ತು ಅದರೊಳಗಿನ ನಾಳಗಳ ಸುರುಳಿ ಈ ಕೆಲಸ ಮಾಡುತ್ತವೆ. ಗಂಡು ಹೆಣ್ಣು ಬೇರೆ ಬೇರೆ ಬಣ್ಣದಲ್ಲಿದ್ದರೆ ಎರಡೂ ಒಂದೇ ಪ್ರಭೇದ ಎಂದು ಸಾಧಿಸುವುದೇ ಇನ್ನೊಂದು ಕೆಲಸ. ಗ್ರಿಫಿಂಡೋರಿಯನ್ನು ವಿವರಿಸುವಾಗ ಹೆಣ್ಣು ಮಾತ್ರ ಸಿಕ್ಕಿತ್ತು. ಕೊನೆಗೆ ಹತ್ತಿರದ ಪ್ರಭೇದಗಳ ಹಳೆಯ ವಿವರಣೆಗಳನ್ನೆಲ್ಲ ಓದಿ, ಸಾಧ್ಯವಾದರೆ ಮೂಲ ಮಾದರಿಗಳ ಜೊತೆ ಹೋಲಿಸಿ, ಇದು ಅವು ಯಾವುದೂ ಅಲ್ಲ ಎಂದು ತೋರಿಸಬೇಕು. ಜೇಡಗಳ ವಿಷಯದಲ್ಲಿ ಈ ಹಳೆಯ ವಿವರಣೆಗಳ ಸಾಲು 1757ರಷ್ಟು ಹಿಂದಕ್ಕೆ ಹೋಗುತ್ತದೆ. ಉಳಿದ ಪ್ರಾಣಿಗಳ ಹೆಸರುಗಳಿಗೆ ಲಿನೇಯಸ್‌ನ 1758ರ ಗ್ರಂಥ ಆರಂಭವಾದರೆ, ಅದಕ್ಕೂ ಮುಂಚೆ ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಜೇಡಗಳಿಗೆ ಇಟ್ಟ ಹೆಸರುಗಳನ್ನು ವಿಶೇಷವಾಗಿ ಮಾನ್ಯ ಮಾಡಲಾಗಿದೆ. ನಮ್ಮ ದೇಶದ ಜೇಡಗಳ ಬಗ್ಗೆ ಪೊಕಾಕ್ 1900ರಲ್ಲಿ, ಟಿಕಾದಾರ್ 1980ರ ದಶಕದಲ್ಲಿ ಪ್ರಕಟಿಸಿದ ಸಂಪುಟಗಳನ್ನು ಮಗುಚಿ ಹಾಕದೆ ಇವತ್ತಿಗೂ ಯಾರೂ ಮುಂದೆ ಹೋಗುವಂತಿಲ್ಲ.

ಇಷ್ಟೆಲ್ಲ ಪಾಡು ಯಾಕೆ, ಇದ್ದರೆ ಇರಲಿ ಬಿಡಿ, ಹೆಸರಿಲ್ಲದಿದ್ದರೆ ಆ ಹುಳಕ್ಕೇನು ನಷ್ಟ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕೋಲಾರ ಜಿಲ್ಲೆಯಲ್ಲೇ ಇದೆ, ಜೇಡದಲ್ಲಲ್ಲ, ಬಾವಲಿಯಲ್ಲಿ. ತೇರಹಳ್ಳಿ ಮತ್ತು ಹನುಮನಹಳ್ಳಿಯಲ್ಲಿ ಸಿಕ್ಕ ಒಂದು ಪುಟ್ಟ ಬಾವಲಿಯನ್ನು ಡೀಟರ್ ಕಾಕ್ ಮತ್ತು ಎಚ್. ಆರ್. ಭಟ್ 1994ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು: ಹಿಪೋಸಿಡೆರಸ್ ಹೈಪೋಫಿಲಸ್, ಎಲ್ಲರ ಬಾಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ. ಲೋಕದಲ್ಲಿ ಬೇರೆಲ್ಲೂ ಇದು ಸಿಕ್ಕಿಲ್ಲ. ವಿವರಣೆ ಬಂದು ಎರಡು ದಶಕ ಕಳೆಯಿತು. ಆಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಭಾರ್ಗವಿ ಶ್ರೀನಿವಾಸುಲು, ಚೆಲ್ಮಲ ಶ್ರೀನಿವಾಸುಲು ಅವರ ತಂಡ ಹನುಮನಹಳ್ಳಿಯ ಗುಹೆಗಳಲ್ಲಿ ಅದನ್ನು ಅಧ್ಯಯನ ಮಾಡಿ 2014ರಲ್ಲಿ ಹೇಳಿದ ಸತ್ಯ ಎದೆ ಝಲ್ಲೆನ್ನಿಸುವಂಥದು: ಉಳಿದಿರುವುದು ಇನ್ನೂರಕ್ಕೂ ಕಡಿಮೆ. ಎರಡು ಗುಹೆಗಳಲ್ಲಿ ಒಂದನ್ನು ಅವು ಬಿಟ್ಟುಬಿಟ್ಟಿದ್ದವು. ಸುತ್ತಲಿನ ಬೆಟ್ಟದಲ್ಲಿ ಗ್ರಾನೈಟಿಗಾಗಿ ಕಲ್ಲು ಒಡೆಯುತ್ತಿದ್ದರು. ಆ ಅಧ್ಯಯನದ ಆಧಾರದ ಮೇಲೆ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಮತ್ತು ಅರಣ್ಯ ಇಲಾಖೆ ಜೊತೆಗೂಡಿ ಕೆಲಸ ಮಾಡಿದವು. ಗುಹೆಗಳ ಸುತ್ತ 30 ಎಕರೆಯನ್ನು ಸರ್ಕಾರ ರಕ್ಷಿತ ಪ್ರದೇಶವೆಂದು ಘೋಷಿಸಿತು. ಈ ಸರಪಳಿಯಲ್ಲಿ ಮೊದಲ ಕೊಂಡಿ 1994ರ ಆ ವಿವರಣೆ. ಅದು ಇಲ್ಲದಿದ್ದರೆ ಹನುಮನಹಳ್ಳಿಯ ಗುಹೆಯಲ್ಲಿ ಇರುವುದು ‘ಒಂದಷ್ಟು ಬಾವಲಿ’ ಮಾತ್ರ. ಒಂದಷ್ಟು ಬಾವಲಿಗಾಗಿ ಯಾವ ಸರ್ಕಾರವೂ ಕಲ್ಲುಗಣಿ ನಿಲ್ಲಿಸುವುದಿಲ್ಲ. ಹಾಗಾದರೆ ಅದೇ ಬಂಡೆಗಳ ಸಂದಿಯಲ್ಲಿ, ಅದೇ ಕುರುಚಲು ಗಿಡಗಳ ಕೆಳಗೆ ವಿವರಣೆಯಾಗದೆ ಉಳಿದಿರುವ ಜೇಡ, ಚೇಳು, ಹುಳುಗಳ ಪರವಾಗಿ ಕಾನೂನಿನ ಮುಂದೆ ಯಾವ ಹೆಸರನ್ನು ಹೇಳುವುದು? ನನ್ನ ವಾದವೆಲ್ಲ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಕೊಲ್ಲುವುದರ ಬಗ್ಗೆ. ಉಳಿಸಬೇಕೆನ್ನುವವರೇ ಜೇಡವನ್ನು ಹಿಡಿದು ಸೀಸೆಗೆ ಹಾಕುವುದು ಸರಿಯೇ? ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ನೆಗೆಯುವ ಜೇಡದ ಆಯಸ್ಸು ಹೆಚ್ಚು ಕಡಿಮೆ ಒಂದು ವರ್ಷ, ಒಂದು ಹೆಣ್ಣು ಹತ್ತಾರು ಮೊಟ್ಟೆ ಇಡುತ್ತದೆ, ಕೆಲವು ಮಾದರಿ ತೆಗೆದರೆ ಸಂತತಿಗೆ ಕುಂದಾಗದು ಎನ್ನುವುದು ನಿಜ. ಮೂಲ ಮಾದರಿ ಒಂದು ಕಡೆ ಭದ್ರವಾಗಿದ್ದರೆ ನೂರು ವರ್ಷದ ಮೇಲೂ ಯಾರಾದರೂ ಬಂದು ಮೊದಲಿನವರು ತಪ್ಪು ಮಾಡಿದ್ದಾರೆಯೇ ಎಂದು ನೋಡಬಹುದು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಹೂ ಬಿಟ್ಟಾಗ ಜಿಗಿಹುಳುವಿಗೆ ಹೊಡೆಯುವ ಔಷಧಿ ಒಂದು ಬೆಳಗ್ಗೆ ಎಷ್ಟು ಜೇಡಗಳನ್ನು ಸಾಯಿಸುತ್ತದೋ ಅಷ್ಟನ್ನು ಒಬ್ಬ ಸಂಶೋಧಕ ಆಯಸ್ಸಿಡೀ ಹಿಡಿಯಲಾರ. ಆದರೂ ಈ ಉತ್ತರಕ್ಕೆ ಒಂದು ಮಿತಿ ಇದೆ, ಅದನ್ನು ಒಪ್ಪಲೇಬೇಕು. ಇನ್ನೂರಕ್ಕೂ ಕಡಿಮೆ ಉಳಿದಿರುವ ಬಾವಲಿಯ ವಿಷಯದಲ್ಲಿ ಇನ್ನೊಂದು ಮಾದರಿಯನ್ನೂ ತೆಗೆಯುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಕೂಗಿನ ಕಂಪನ ದಾಖಲಿಸುವುದು, ರೆಕ್ಕೆಯಿಂದ ಚುಕ್ಕೆಯಷ್ಟು ಅಂಗಾಂಶ ತೆಗೆದು ಬಿಟ್ಟುಬಿಡುವುದು, ಇಂಥ ದಾರಿಗಳಲ್ಲೇ ಕೆಲಸ ನಡೆಯಬೇಕು.

ಇನ್ನೊಂದು ಆಕ್ಷೇಪ, ಹೆಸರಿಟ್ಟರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ ಎಂಬುದು. ಇದಕ್ಕೂ ಪುರಾವೆ ನಮ್ಮ ಪಕ್ಕದ ರಾಯಲಸೀಮೆಯಲ್ಲೇ ಇದೆ. ಗುತ್ತಿಯಲ್ಲಿ ಸಿಕ್ಕ ನೀಲಿ ಬಣ್ಣದ ದೊಡ್ಡ ಜೇಡವೊಂದನ್ನು ಪೊಕಾಕ್ 1899ರಲ್ಲಿ ಪೊಯೆಸಿಲೋಥೀರಿಯಾ ಮೆಟಾಲಿಕಾ ಎಂದು ವಿವರಿಸಿದ. ನೂರು ವರ್ಷ ಕಾಣದಿದ್ದ ಅದು 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅಷ್ಟರಲ್ಲಿ ಪರದೇಶದ ಸಾಕುಪ್ರಾಣಿ ಪ್ರಿಯರಿಗೆ ಅದರ ನೀಲಿಯ ಮೋಹ ಹಿಡಿಯಿತು. ಈಗ ಅದು ವಿದೇಶಿ ಗಾಜಿನ ಪೆಟ್ಟಿಗೆಗಳಲ್ಲಿ ಬೆಳೆಯುತ್ತಿದೆ, ಇಲ್ಲಿಯ ಕಾಡಿನಲ್ಲಿ ಅಳಿವಿನ ಅಂಚಿನಲ್ಲಿದೆ. ಆದರೆ ಇದರಿಂದ ಹೆಸರಿಡಬಾರದು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. 2019ರಲ್ಲಿ ಆ ಕುಲದ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಣಕ್ಕೆ ತಂದಾಗ ಒಪ್ಪಂದದ ಪಟ್ಟಿಯಲ್ಲಿ ಬರೆಯಲು ಒಂದು ಹೆಸರು ಬೇಕಾಗಿತ್ತು, ಅದು ಇತ್ತು. ಕಲಿಯಬೇಕಾದ ಪಾಠ ಬೇರೆ: ಮಾರುಕಟ್ಟೆಗೆ ಆಸೆ ಹುಟ್ಟಿಸುವಂಥ ಜೀವಿ ಸಿಕ್ಕರೆ ಅದು ಇರುವ ಬಂಡೆ, ಪೊಟರೆಯ ಗುರುತನ್ನು ಎಲ್ಲರಿಗೂ ಬಿಚ್ಚಿಡಬಾರದು, ವಿವರಣೆಯ ಜೊತೆಯಲ್ಲೇ ಕಾವಲಿನ ಏರ್ಪಾಡೂ ಆಗಬೇಕು.

ಮೂರನೆಯ ಮಾತು ಹೊಟ್ಟೆಪಾಡಿನದು. ಇದನ್ನು ಹೇಳುವವರ ಬಗ್ಗೆ ನನಗೆ ಗೌರವವಿದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಬಾರದ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೆರೆಗಳಿಗೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯಲ್ಲಿ ಜೇಡದ ಮಾತು ಆಡುವುದು ಎಷ್ಟು ಸರಿ? ಕಲ್ಲು ಒಡೆಯುವವನ ಕೂಲಿಗೆ ಯಾರು ಹೊಣೆ? ಕಲ್ಲಿನ ಕೆಲಸವೆಲ್ಲ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಯಾವ ಬೆಟ್ಟದಲ್ಲಿ ಏನಿದೆ ಎಂದು ನೋಡಿ ಆಮೇಲೆ ಗುತ್ತಿಗೆ ಕೊಡಿ ಎನ್ನುವುದಷ್ಟೇ ಬೇಡಿಕೆ. ಒಡೆದ ಬೆಟ್ಟವನ್ನು ಮತ್ತೆ ಕಟ್ಟಲಾಗದು. ಆ ಬೆಟ್ಟದಿಂದ ಕೆರೆಗೆ ಇಳಿಯುತ್ತಿದ್ದ ಮಳೆನೀರಿನ ಹರಿವೂ ಹೋಗುತ್ತದೆ. ಜೇಡ ಇರುವ ಕುರುಚಲು ಇಳಿಜಾರು, ಕೆರೆಗೆ ನೀರು ಕೊಡುವ ಇಳಿಜಾರು ಬೇರೆ ಬೇರೆಯಲ್ಲ. ರೈತನ ಲಾಭದ ಲೆಕ್ಕದಲ್ಲೂ ಜೇಡಕ್ಕೆ ಜಾಗವಿದೆ. ಲೋಕದ ಜೇಡಗಳೆಲ್ಲ ಸೇರಿ ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆ ತಿನ್ನುತ್ತವೆ ಎಂದು 2017ರಲ್ಲಿ ಮಾರ್ಟಿನ್ ನೈಫೆಲರ್ ಮತ್ತು ಕ್ಲಾಸ್ ಬಿರ್ಕ್‌ಹೋಫರ್ ಅಂದಾಜು ಮಾಡಿದರು. ಅದರಲ್ಲಿ ಬಹುಪಾಲು ಹುಳುಗಳು. ಮಾವು, ಟೊಮೇಟೊ, ಹಿಪ್ಪುನೇರಳೆಯ ಮೇಲೆ ಯಾವ ಜೇಡ ಯಾವ ಹುಳುವನ್ನು ತಿನ್ನುತ್ತದೆ ಎಂದು ಹೇಳಬೇಕಾದರೆ ಮೊದಲು ಅದು ಯಾವ ಜೇಡ ಎಂದು ಹೇಳಲು ಬರಬೇಕು.

ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆಗೂ ನಮ್ಮ ಜಿಲ್ಲೆಯ ಚರಿತ್ರೆಯೇ ಉತ್ತರ. ಕೆಜಿಎಫ್‌ನಲ್ಲಿ ಚಿನ್ನದ ಎಳೆಯನ್ನು ಹಿಂಬಾಲಿಸಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದರು. 2001ರಲ್ಲಿ ಗಣಿ ಮುಚ್ಚುವ ತನಕ ಆ ಪಾತಾಳದ ಬಂಡೆಯ ಇಂಚಿಂಚೂ ನಕ್ಷೆಯಲ್ಲಿತ್ತು. ಅದೇ ಗಣಿಯಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟಿ ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೋಗಳ ಗುರುತನ್ನು ವಿಜ್ಞಾನಿಗಳು ಹಿಡಿದರು. ಯಾವ ಕಣ್ಣಿಗೂ ಕಾಣದ ಕಣವನ್ನು ಹುಡುಕುವುದಕ್ಕೆ ಈ ನೆಲದಲ್ಲಿ ಹಣ, ಜನ, ತಾಳ್ಮೆ ಎಲ್ಲ ಒದಗಿತು, ಅದು ಹೆಮ್ಮೆಯ ವಿಷಯ. ಅದೇ ನೆಲದ ಮೇಲೆ ಹಗಲು ಬೆಳಕಿನಲ್ಲಿ ಓಡಾಡುವ ಜೇಡಕ್ಕೆ ಬೇಕಾದದ್ದು ಅದರ ಸಾವಿರದಲ್ಲೊಂದು ಪಾಲೂ ಅಲ್ಲ: ಒಂದು ಸೂಕ್ಷ್ಮದರ್ಶಕ, ಕೆಲವು ಸೀಸೆ, ಕೂತು ನೋಡುವ ಒಬ್ಬ ಹುಡುಗ ಅಥವಾ ಹುಡುಗಿ, ತಿದ್ದಿ ಹೇಳುವ ಒಬ್ಬ ಗುರು. ಲೋಕದ ಜೇಡಗಳ ಪಟ್ಟಿ 2022ರಲ್ಲಿ 50,000 ಪ್ರಭೇದ ದಾಟಿತು, ಅದರಲ್ಲಿ ಆರು ಸಾವಿರಕ್ಕೂ ಹೆಚ್ಚು ನೆಗೆಯುವ ಜೇಡಗಳೇ. ಪಟ್ಟಿ ಇನ್ನೂ ಬೆಳೆಯುತ್ತಿದೆ. ಅದರಲ್ಲಿ ಕೋಲಾರದ ಬೆಟ್ಟಗಳ ಪಾಲು ಬರೆಯುವವರು ಕೋಲಾರದವರೇ ಆದರೆ ಒಳ್ಳೆಯದು.

2002ರ ಜೀವವೈವಿಧ್ಯ ಕಾಯಿದೆ ಇದಕ್ಕೆ ಎರಡು ಬಾಗಿಲು ತೆರೆದಿಟ್ಟಿದೆ. ಹೊಸ ಪ್ರಭೇದ ಯಾರಿಗೆ ಸಿಕ್ಕರೂ ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು ಎನ್ನುತ್ತದೆ. ಅಂದರೆ ನಮ್ಮ ಬೆಟ್ಟದ ಜೇಡ ದೇಶದೊಳಗೇ ಉಳಿಯುತ್ತದೆ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು ಎಂದೂ ಹೇಳುತ್ತದೆ. ಆ ದಾಖಲೆಯಲ್ಲಿ ಮಾವಿನ ತಳಿ, ಔಷಧಿ ಗಿಡ, ಹಕ್ಕಿಗಳ ಹೆಸರು ಬರೆಯುವವರು ಜೇಡ, ಚೇಳು, ಬಾವಲಿಗಳಿಗೂ ಒಂದೊಂದು ಪುಟ ಬಿಡಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಷ್ಟ್ರುಗಳು ಒಬ್ಬೊಬ್ಬರು ಒಂದೊಂದು ಬೆಟ್ಟವನ್ನು ವಹಿಸಿಕೊಂಡು, ಮಕ್ಕಳನ್ನು ಕರೆದುಕೊಂಡು ಹೋಗಿ ಆ ಪುಟ ತುಂಬಿಸಬೇಕು. ಕಲ್ಲುಗಣಿಯ ಅರ್ಜಿ ಮುಂದೆ ಬಂದಾಗ ಪಂಚಾಯಿತಿ ಮೊದಲು ಆ ಪುಟವನ್ನು ತೆರೆದು ನೋಡಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ, ಇರುವುದನ್ನು ನಡೆಸಿದರೆ ಸಾಕು.